ದುರ್ಗಿಗುಡಿಯಲ್ಲಿ ಬಿಚ್ಚಿದ್ದು

ಸ್ಟಿಕ್ಕರ್ ಹರಿದರೆ ವಾರಂಟಿ ಇಲ್ಲ.
ಹರಿದೆ.

ಜಬೀನಕ್ಕ ಅಂಗೈಲಿಟ್ಟು ಮೊದಲೇ ತೂಗಿದ್ದಳು:
"ಹಗುರ. ಒಳಗೆ ಗಾಳಿಯೇ ಜಾಸ್ತಿ."
ನಿಜ. ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ,
ಎರಡು ಚಿಪ್. ಒಂದರ ಹೆಸರು
ಉಜ್ಜಿ ಅಳಿಸಿದ್ದಾರೆ; ಕೊನೆಯ ಅಂಕಿ ಮಾತ್ರ
ದೀಪ ಓರೆ ಹಿಡಿದರೆ ಕಂಡೀತು,
ಆರೋ ಎಂಟೋ.

ಹೋದ ತಿಂಗಳು ತಂದದ್ದೂ ಇದೇ ಡಬ್ಬಿ, ಇದೇ ರೇಟು.
ಹೊಟ್ಟೆ ಬೇರೆ.

ಕಾಪಿಗೆ ಹಾಕಿದೆವು. ಮೊದಲ ಹದಿನೆಂಟು ಜಿಬಿ
ಹೊಸ ಅಳಿಯನ ಹುರುಪು,
ಆಮೇಲೆ ಆಗುಂಬೆ ಘಾಟಿ ಹತ್ತುವ
ಮರಳು ಲಾರಿ.

"ಹಲಸಾದರೆ ಬಡಿದೇ ಹೇಳ್ತಿದ್ದೆ," ಅಂದಳು
ಸ್ಕ್ರೂ ತುಟಿಯಲ್ಲಿ ಕಚ್ಚಿಕೊಂಡು.

ಬಾಗಿಲಲ್ಲಿ ಸ್ಟುಡಿಯೋ ಲಿಗೋರಿ:
ಮೂರು ಮದುವೆ, ಒಂದು ನಾಮಕರಣ
ಕ್ಯಾಮೆರಾ ಚೀಲದಲ್ಲಿ.
"ಇದರಲ್ಲಿ ಇಡಬಹುದಾ?"

"ಸಿನಿಮಾ ಇಟ್ಟುಕೋ. ಮದುವೆ ಬೇಡ."

ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿಯಿತು.
ಯಾವುದರದ್ದೋ.