ನಾಲ್ಕುನೂರ ಹನ್ನೆರಡರಿಂದ ಹದಿನಾಲ್ಕು

ಹೊಳೆಗೆ ಯಾರಾದರೂ ಬಿದ್ದರೆ ಮೊದಲ ಫೋನು ನನಗೆ.
ಪಪ್ಪನ ಕಾಲದಿಂದಲೂ ಹಾಗೇ. ದುರ್ಗಿಗುಡಿಯ
ಸ್ಟುಡಿಯೋ ಕದ ತಟ್ಟಿ ಪೇದೆ ನಿಲ್ಲುತ್ತಿದ್ದ ರಾತ್ರಿ,
ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಪಪ್ಪ ಹೊರಡುತ್ತಿದ್ದರು.
ಈಗ ನಾನು, ಸೆವ್ರಿನಾ ರೆಬೆಲ್ಲೊ:
ಪಾಸ್‌ಪೋರ್ಟ್ ಸೈಜು, ಸೀಮಂತ, ಪಂಚನಾಮೆ.
'ಹತ್ರ ಬನ್ನಿ ಮೇಡಂ, ಮುಖ ಸರಿಯಾಗಿ ಬರ್ಲಿ' ಅನ್ನುತ್ತಾರೆ,
ಟಾರ್ಚು ಹಿಡಿಯುತ್ತಾರೆ, ಜನ ಸರಿಸಿ ದಾರಿ ಬಿಡಿಸುತ್ತಾರೆ.
ಬಿಲ್ಲು ಮಾತ್ರ ಹೋದ ಯುಗಾದಿಯದೇ ಇನ್ನೂ ಪಾಸಾಗಿಲ್ಲ.

ಮೊನ್ನೆ ಬುಧವಾರ ಬೆಳಿಗ್ಗೆ ಸತ್ತವರ್ಯಾರೂ ಇರಲಿಲ್ಲ.
ಗಾಂಧಿ ಬಜಾರಿನ ಬಾಯಲ್ಲಿ
ಚೌಡಮ್ಮನ ಅಪ್ಪೆಮಿಡಿ ಬುಟ್ಟಿ ಮಗುಚಿತ್ತು, ತಾನಾಗಿ ಅಲ್ಲ.
ತಕ್ಕಡಿ ಆಗಲೇ ಜೀಪು ಹತ್ತಿತ್ತು. ಮಿಡಿಗಳು
ಚರಂಡಿಗಲ್ಲಿನ ಸಂದಿಗೆ ಉರುಳಿ, ತೊಟ್ಟು ಮುರಿದು,
ಸೊನೆಯ ಘಮ ಬಜಾರಿಗೆಲ್ಲ ಹಬ್ಬಿತ್ತು.
ಮೂರು ಸಲ ಒತ್ತಿದೆ.
ಬುಟ್ಟಿ. ಬೂಟು. ಅವಳ ಮುಖ.

'ಡಿಲೀಟ್ ಮಾಡ್ರಿ.' ಹೆಡ್ ಕಾನ್‌ಸ್ಟೇಬಲ್ ಗುತ್ಯಪ್ಪ.
ಅವರ ಐಡಿ ಕಾರ್ಡಿನ ಫೋಟೋ ತೆಗೆದವಳು ನಾನೇ,
ಗದ್ದ ಸ್ವಲ್ಪ ಕೆಳಗೆ ಸಾರ್ ಎಂದು
ಎರಡು ಬೆರಳಲ್ಲಿ ಆ ತಲೆ ತಿರುಗಿಸಿದವಳು.
'ರಸ್ತೆ ಸಾರ್ ಇದು. ತೆಗೀಬಾರ್ದು ಅಂತ ಯಾವ ಕಾನೂನಲ್ಲಿದೆ?'
'ಸರ್ಕಾರಿ ಕೆಲಸಕ್ಕೆ ಅಡ್ಡಿ.'
'ಇಪ್ಪತ್ತಡಿ ದೂರ ನಿಂತಿದೀನಲ್ಲ?'
'ನಿಮ್ಮ ಕಣ್ಣು ಅಡ್ಡ ಬಂತು.'
ನಗಬೇಕಿತ್ತು. ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ.
ಮೇಲೆ ಕಂಬದಲ್ಲಿ ಇಲಾಖೆಯ ಕ್ಯಾಮೆರಾ, ಕಪ್ಪು ಗೋಲಿ,
ನನ್ನನ್ನು, ಬುಟ್ಟಿಯನ್ನು, ಹೂ ಕೊಳ್ಳಲು ಬಂದ ಹೆಂಗಸರನ್ನು
ಯಾರನ್ನೂ ಕೇಳದೆ ನುಂಗುತ್ತಲೇ ಇತ್ತು.

ಠಾಣೆಯ ಬೆಂಚು. ನನ್ನ ಕ್ಯಾಮೆರಾ ಬೀರುವಿನೊಳಗೆ.
'ಅರೆಸ್ಟಾ ಸಾರ್?' 'ಅಲ್ಲ.'
'ಹಂಗಾದ್ರೆ ಹೋಗ್ಲಾ?' 'ಇಲ್ಲ.'
'ಮತ್ತೆ ಈಗ ನಾನು ಏನು?'
'ಕೂತಿದೀರಿ.'
ಹೌದು, ಕೂತಿದ್ದೆ. ಹನ್ನೊಂದರಿಂದ ಮೂರೂಕಾಲು.
ಆ ಕೂರುವಿಕೆಗೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.
ಚಾ ಬಂತು ಎರಡು ಸಲ, ಗುತ್ಯಪ್ಪನವರೇ ಕಾಸು ಕೊಟ್ಟರು.
ಮಗಳ ನಿಶ್ಚಿತಾರ್ಥವಂತೆ, ಆಲ್ಬಂ ಎಷ್ಟಾಗುತ್ತೆ ಎಂದರು.
ಹೇಳಿದೆ. ರೇಟು ಹೇಳುವಾಗ ಮಾತ್ರ ಯಾಕೋ ದನಿ ನಡುಗಲಿಲ್ಲ.

ವೈರ್‌ಲೆಸ್ ಕೆಮ್ಮಿತು.
ಹಳೇ ಸೇತುವೆ ಕೆಳಗೆ ಗಂಡಸು, ನಲವತ್ತರ ಆಸುಪಾಸು, ಗುರುತಿಲ್ಲ.
ಬೀರು ತೆರೆಯಿತು. 'ನಡೀರಿ ಮೇಡಂ.'
ಕ್ಯಾಮೆರಾ ಕೈಗೆ ಬಂದಾಗ ಬೆಚ್ಚಗಿತ್ತು,
ಯಾರೋ ಬಹಳ ಹೊತ್ತು ಹಿಡಿದಿದ್ದ ಹಾಗೆ.

ಬಂಡೆಯ ಮೇಲೆ ಮಲಗಿಸಿದ್ದರು.
ಬಲಗಿವಿಯ ಹಿಂದೆ ಮಚ್ಚೆ. ಜೇಬಲ್ಲಿ ಶಿಕಾರಿಪುರದ ಬಸ್ ಟಿಕೆಟ್ಟು,
ಅಕ್ಷರ ನೀರಿಗೆ ಹೋಗಿ, ದರ ಮಾತ್ರ ಉಳಿದದ್ದು.
'ಇನ್ನೂ ಹತ್ರ' ಎಂದರು ಗುತ್ಯಪ್ಪ. ಹೋದೆ.

ಸಂಜೆ ಸಹಿಗೆ ಹಾಳೆ. ಎಂದಿನ ಒಕ್ಕಣೆ:
ಈ ಚಿತ್ರಗಳು ನನ್ನ ಯಂತ್ರದವು, ಏನನ್ನೂ ತಿದ್ದಿಲ್ಲ,
ಏನನ್ನೂ ಅಳಿಸಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.
ಕಾರ್ಡು ತೆರೆದೆ. ನಾಲ್ಕುನೂರ ಹನ್ನೊಂದು:
ನಾಮಕರಣದ ಮಗು, ಬಾಯೊಳಗೆ ಇಡೀ ಮುಷ್ಟಿ.
ಅದರ ಬೆನ್ನಿಗೇ ನಾಲ್ಕುನೂರ ಹದಿನೈದು: ಹೊಳೆಯ ಗಂಡಸು.
ಮಗುವಿಗೂ ಹೆಣಕ್ಕೂ ನಡುವೆ ಏನೂ ನಡೆದೇ ಇಲ್ಲ.
ಪೆನ್ನೆತ್ತಿ ಸಹಿಯ ಮೇಲೊಂದು ಸಾಲು ಬರೆದೆ:
'೪೧೨, ೪೧೩, ೪೧೪ ಠಾಣೆಯಲ್ಲಿ ಅಳಿಸಲಾಗಿದೆ. ನನ್ನಿಂದಲ್ಲ.'
ಗುತ್ಯಪ್ಪ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.
'ಬೇರೆ ಹಾಳೆ ತರ್ತೀನಿ ಇರಿ' ಎಂದು ಒಳಗೆ ಹೋದರು.
ಆ ಹಾಳೆ ಇನ್ನೂ ಬಂದಿಲ್ಲ.

ನಿನ್ನೆ ಚೌಡಮ್ಮ ಸಿಕ್ಕಳು, ಬಸ್ ಸ್ಟ್ಯಾಂಡ್ ಹಿಂದೆ.
ತಕ್ಕಡಿ ಇಲ್ಲ, ಮಿಡಿ ಎಣಿಸಿ ಮಾರುತ್ತಿದ್ದಳು,
ಐದೈದು ಮಾಡಿ, ಬೆರಳ ತುದಿಯೆಲ್ಲ ಸೊನೆ ಸುಟ್ಟ ಕಪ್ಪು.
'ನನ್ ಫೋಟ ಬಂತೇನವ್ವಾ ಅವತ್ತಿಂದು?'
'ಬರ್ಲಿಲ್ಲ.'
ಕೈಯಲ್ಲಿದ್ದ ಐದನ್ನು ಬುಟ್ಟಿಗೆ ಬಿಟ್ಟು ಯೋಚಿಸಿದಳು,
ತಪ್ಪು ತನ್ನದೇ ಎಂಬಂತೆ:
'ಕಣ್ ಮುಚ್‌ಬಿಟ್ನೇನೋ ನಾನು.'