ಬಾಕಿ ಆರು ಗಂಟೆ

ಪರವಾನಗಿ ನವೀಕರಣಕ್ಕೆ
ಆರು ಗಂಟೆ ಕಮ್ಮಿ ಬಿದ್ದಿದೆ ನನಗೆ.
ಅದಕ್ಕೇ ಈ ಶನಿವಾರ, ಮಡಿಕೇರಿಯಲ್ಲಿ,
ಬ್ಯಾಂಕಿನ ಮೇಲಿನ ಹಾಲಿನಲ್ಲಿ,
ಮೂವತ್ತೊಂದು ವರ್ಷ ನೆಲ ಅಳೆದವಳು
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ನೆಲಕ್ಕೆ ಬೆಲೆ ಕಟ್ಟುವುದನ್ನು ಕಲಿಯುತ್ತಿದ್ದೇನೆ.

ಹಾಜರಿ ಪುಸ್ತಕ ಕೈಯಿಂದ ಕೈಗೆ ಬರುತ್ತದೆ.
ಬೊಳ್ಳಮ್ಮ ಎಂ. ಕೆ., ನೋಂದಣಿ ಸಂಖ್ಯೆ, ಬಂದ ಹೊತ್ತು.
ಹೋಗುವ ಹೊತ್ತನ್ನೂ ಈಗಲೇ ಬರೆದಿಡುತ್ತಾನೆ
ಪಕ್ಕದಲ್ಲಿ ಕೂತ ಕುಶಾಲನಗರದ ಜಾಣ.

ಪಾಠ ಹೇಳುವ ಹುಡುಗ ಮೈಸೂರಿನವನು,
ನನ್ನ ಟೇಪಿಗಿಂತ ಚಿಕ್ಕ ವಯಸ್ಸು.
ಹೆಸರು ನಿಶ್ಚಲ್; ನಿಂತಲ್ಲಿ ನಿಲ್ಲುವುದಿಲ್ಲ.
ಮೂರು ದಾರಿ, ಎನ್ನುತ್ತಾನೆ:
ಪಕ್ಕದ ಜಾಗ ಎಷ್ಟಕ್ಕೆ ಹೋಯಿತು ನೋಡಿ,
ಈ ಜಾಗ ವರ್ಷಕ್ಕೆ ಏನು ಕೊಡುತ್ತದೆ ನೋಡಿ,
ಇದನ್ನೇ ಮತ್ತೆ ಕಟ್ಟಲು ಎಷ್ಟಾದೀತು ನೋಡಿ.

ಪಕ್ಕದ ಜಾಗ ಮಾರಾಟವೇ ಆಗಿಲ್ಲ ಮಾರಾಯ,
ಜಮ್ಮಾ ಅದು. ಪಟ್ಟೇದಾರ ತೀರಿಕೊಂಡು ನಲವತ್ತು ವರ್ಷ,
ಆರ್‌ಟಿಸಿಯಲ್ಲಿ ಇನ್ನೂ ಗಟ್ಟಿಯಾಗಿದ್ದಾನೆ.
ಸಹಿ ಹಾಕಬೇಕಾದ ಅರವತ್ತು ಮಂದಿಯಲ್ಲಿ
ಇಬ್ಬರಿಗೆ ಮಾತಿಲ್ಲ, ಒಬ್ಬಳು ಯಾರೆಂದೇ ಯಾರಿಗೂ ಗೊತ್ತಿಲ್ಲ.
ಬಾಣೆಯ ನೆಲ ಒಕ್ಕದ್ದು, ಬೀಟೆ ಮರ ಸರ್ಕಾರದ್ದು,
ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ ನಮ್ಮದು.
ನಾನು ಯಾವ ದಾರಿ ಹಿಡಿಯಲಿ?

ಎಂದು ಕೇಳಲಿಲ್ಲ. ಹನ್ನೊಂದಕ್ಕೆ ಕಾಫಿ ಬಂತು,
ಮೆಷಿನ್ನಿನದು, ಮುಕ್ಕಾಲು ಚಿಕೋರಿ.
ಇಡೀ ಕೊಡಗು ಅದನ್ನು ಊದಿ ಊದಿ ಕುಡಿಯಿತು.

ಮಧ್ಯಾಹ್ನದ ಪಾಠ ಇಳಿಜಾರು.
ಪರದೆಯ ಮೇಲೆ ಗುಡ್ಡವೊಂದು ಬಣ್ಣ ಬಳಿದುಕೊಂಡು ಮಲಗಿದೆ,
ಹಸಿರು ಸರಿ, ಹಳದಿ ಎಚ್ಚರ, ಕೆಂಪು ಬೇಡ.
ಹುಡುಗನ ಬೆಳಕಿನ ಚುಕ್ಕಿ ಅದರ ಮೈಮೇಲೆ ಹರಿದಾಡುತ್ತದೆ
ಕಚ್ಚಲು ಜಾಗ ಹುಡುಕುವ ಜಿಗಣೆಯ ಹಾಗೆ.

ಅಲ್ಲಿಂದಾಚೆ ಅವನ ಮಾತು ನನಗೆ ಕೇಳಿಸಲಿಲ್ಲ.

ಮೂಡುಬಾಣೆ. ಎರಡೂವರೆ ಎಕರೆ ರೊಬಸ್ಟಾ, ಹೊಸ ಹೋಂಸ್ಟೇ,
ಸಾಲದ ಕಡತಕ್ಕೆ ನನ್ನ ಸಹಿ ಬೇಕಿತ್ತು.
ಕಕ್ಕಡದ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಹೋಗಿದ್ದೆ.
ಟೇಪಿನ ಆ ತುದಿ ತೋಟದ ರೈಟರ್ ಮೊಯ್ದುವಿನ ಕೈಯಲ್ಲಿ.
ಮನೆಯ ಹಿಂದೆ, ಬರೆಯ ಬುಡದಲ್ಲಿ, ಒಂದು ಒಸರು.
"ಹೋದ ವರ್ಷ ಇದು ಇಲ್ಲಿರಲಿಲ್ಲ ಅಮ್ಮ" ಅಂದ,
"ಮೇಲಿತ್ತು, ಹಲಸಿನ ಹತ್ತಿರ. ಈಗ ಇಲ್ಲಿ. ನೀರೂ ಕೆಂಪು."
ನಾನು ಬಗ್ಗಿ ಅದರಲ್ಲೇ ಕೈ ತೊಳೆದೆ.
ನಮೂನೆಯಲ್ಲಿ ಬರೆದೆ:
ಜಲಮೂಲ ಉಂಟು, ವರ್ಷವಿಡೀ.
ಅದಕ್ಕೆಂದು ನೂರಕ್ಕೆ ಐದು ಹೆಚ್ಚಿಗೆ ಹಾಕಿದೆ.

ಮುಂದಿನ ಮಳೆಗಾಲ ಗುಡ್ಡ ಕೆಳಗೆ ಬಂತು.
ಮನೆಯವರು ವಿರಾಜಪೇಟೆಯ ಆಸ್ಪತ್ರೆಯಲ್ಲಿದ್ದರು, ಉಳಿದರು.
ಹಲಸು ನಿಂತ ಹಾಗೆಯೇ ಹೊಳೆಗೆ ಹೋಯಿತಂತೆ.
ಕಡತ ಮಾತ್ರ ಒಂದಿಷ್ಟೂ ನೆನೆಯದೆ
ಇದೇ ಬ್ಯಾಂಕಿನ ಬೀರುವಿನಲ್ಲಿದೆ,
ನನ್ನ ಅಂಕೆ, ನನ್ನ ಮೊಹರು,
ನಾನೀಗ ಕೂತ ಕುರ್ಚಿಯ ನೇರ ಕೆಳಗೆ.
ಯಾರೂ ಏನೂ ಕೇಳಲಿಲ್ಲ.
ನಿಯಮದ ಪ್ರಕಾರ ಅದು ತಪ್ಪೂ ಅಲ್ಲ.

"ಪ್ರಶ್ನೆಗಳಿದ್ದರೆ?"
ಕೈ ಎತ್ತಿದೆ.
ಒಸರು ಜಾಗ ಬದಲಿಸಿದರೆ
ಯಾವ ಕಾಲಮಿನಲ್ಲಿ ಬರೆಯಬೇಕು?

ನಿಶ್ಚಲ್ ನಿಂತ, ಬೆಳಗಿನಿಂದ ಮೊದಲ ಸಲ.
ಸ್ಲೈಡು ಹಿಂದೆ ಮುಂದೆ ಮಾಡಿದ.
"ಅದು ಸಿಲಬಸ್ಸಿನಲ್ಲಿಲ್ಲ ಮೇಡಂ" ಅಂದವನು
ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡ.

ಐದೂವರೆಗೆ ಪ್ರಮಾಣಪತ್ರ, ಲ್ಯಾಮಿನೇಷನ್ ಇನ್ನೂ ಬಿಸಿ.
ಆರು ಗಂಟೆ ಜಮಾ.

ಬಸ್‌ಸ್ಟ್ಯಾಂಡಿನಿಂದ ಮೊಯ್ದುವಿಗೆ ಫೋನ್ ಮಾಡಿದೆ.
ಸೋಮವಾರ ಬೇರೊಂದು ಜಾಗ ಉಂಟು,
ಟೇಪು ಹಿಡಿಯಲು ಬರುತ್ತೀಯಾ?
"ಹಿಡಿಯುವುದಕ್ಕೋ, ಹೇಳುವುದಕ್ಕೋ?" ಅಂದ.
ಬಸ್ಸಿನ ಗಲಾಟೆ, ಕೇಳಿಸಲಿಲ್ಲ, ಎಂದೆ.

ಕೇಳಿಸಿತ್ತು.