ಲಾಳಿ ನುಂಗಿದ ಎರಡಕ್ಷರ

ನಿಮಿಷಕ್ಕ ಎಂಬತ್ತು ಶಬ್ದ.
ಮೊಬೈಲಿನೊಳಗ ಮಾಸ್ತರು ತೀರ್ಪು ಓದತಾರ.
ಗೋಡಿ ಆಚೆ ನಾಕು ಮಗ್ಗ,
ಒಂದೊಂದಕ್ಕೂ ನಿಮಿಷಕ್ಕ ನೂರಾ ಇಪ್ಪತ್ತು ಏಟು.
ಯಾರು ಗೆಲ್ಲತಾರ, ಹೇಳೂದು ಬ್ಯಾಡ.

‘ಆರೋಪಿಯು ತಪ್ಪಿತಸ್ಥನಲ್ಲ’
ಅಂದಿದ್ದರಂತ ನಿನ್ನೆ.
ಕಡೀ ಎರಡಕ್ಷರ ಲಾಳಿ ನುಂಗಿತು.
ನನ್ನ ಶೀಘ್ರಲಿಪಿಯೊಳಗ, ಪಾಪ,
ಅಂವ ಸೀದಾ ಹಿಂಡಲಗಿ ಜೈಲಿಗೆ ಹ್ವಾದ.

ಬನಹಟ್ಟಿ ಇದು.
ನಮ್ಮ ಓಣ್ಯಾಗ ಮಗ್ಗ ನಡದರ ಕೂಸು ಮಲಗತಾವ,
ನಿಂತರ ಎಚ್ಚರಾಗಿ ಅಳತಾವ.
ಕೋರ್ಟಿನ ಪರೀಕ್ಷೆಗೆ ನಲವತ್ತು ದಿನ.

ಮೈನುದ್ದೀನ ಮೂರು ತರ ತಗದಿಟ್ಟ ಗಾಜಿನ ಮ್ಯಾಲ.
‘ಇದು ಗದ್ದಲಾ ತಿನ್ನೂ ಮಿಶೀನ್ರೀ ಅಕ್ಕಾರ, ನಾಕೂವರಿ ಸಾವಿರ.’
ಹಾಕಿಕೊಂಡೆ.
ಫ್ಯಾನು ಸತ್ತಂಗಾತು, ಫ್ರಿಜ್ಜಿನ ಗುಂಯ್ ಸತ್ತಂಗಾತು,
ಅವನ ಬಾಯಿ ಮೀನಿನಂಗ ತೆರೀತು, ಮುಚ್ಚಿತು.
ಸ್ಟೂಲಿಗೆ ಪಾನಾದಿಂದ ಬಡೀರಿ, ಅಂದೆ.
ನಕ್ಕ, ಬಡದ.
ಆ ಠಣ್ ಮಾತ್ರ ಚಪ್ಪಲಿ ಬಿಡದ ಒಳಗ ಬಂತು.
ಒಂದ ಸಮ ಗುಂಯ್‌ಗುಡೂದನ್ನ ತಿಂತೈತಿ ಇದು,
ಏಟನ್ನ ತಿನ್ನಂಗಿಲ್ಲ.
ನಮ್ಮನ್ಯಾಗಿರೂದು ಬರೇ ಏಟು.

ಎರಡನೇದು, ಎರಡು ಬಟ್ಟಲಾ ಮಗಚಿ ಕಿವಿಗೆ ಕಟ್ಟಿದಂಗ.
ಛಲೋ ಇತ್ತು, ಕನ್ನಡಕ ಹಾಕೂತನಕ.
ಕನ್ನಡಕದ ಕಡ್ಡಿ ಮಾಡಿದ ಸಂದಿ
ಕೂದಲೆಳಿಯಷ್ಟ,
ಅಷ್ಟ ಸಾಕು ಗದ್ದಲಕ್ಕ.
ಮ್ಯಾಲ ಈ ಬ್ಯಾಸಗಿ, ಬೆವರು.

ಮೂರನೇದು ಸಣ್ಣದು, ವಾಯರಿಂದು, ತುದಿಗೆ ಸ್ಪಂಜು.
ಬತ್ತಿ ಹೊಸದಂಗ ಹೊಸದು ಕಿವ್ಯಾಗಿಟ್ಟು
ಇಪ್ಪತ್ತು ಎಣಿಸಬೇಕು,
ನೆನೆದ ಕಡ್ಲಿಯಂಗ ಉಬ್ಬಿ ಬಾಗಲಾ ಹಾಕತೈತಿ.
ಎಂಟುನೂರಾ ಐವತ್ತು.
ಮನ್ಯಾಗ ನೋಡೇ ತಗೋತೀನಿ ಅಂದೆ,
ಸ್ಕೂಟಿ ಕೀಲಿ ಒತ್ತಿ ಇಟ್ಟು ನಡಕೋತ ಬಂದೆ.

ಹದಿನೇಳು, ಹದಿನೆಂಟು, ಹತ್ತೊಂಬತ್ತು.
ಮಗ್ಗ ಎರಡು ಓಣಿ ದಾಟಿ ಹ್ವಾತು.
ಮಾಸ್ತರು ಉಗುಳು ನುಂಗಿದ್ದೂ ಕೇಳಿತು.
ತಪ್ಪಿತಸ್ಥ
ನಲ್ಲ.
ಎರಡೂ ಅಕ್ಷರ, ಒತ್ತಿನ ಸಮೇತ.
ಅಂವ ಜೈಲಿಂದ ಹೊರಗ ಬಂದ.

ಆಮ್ಯಾಲ ಅವ್ವನ ನೆಪ್ಪಾತು.
ಇಪ್ಪತ್ತಾರು ವರ್ಷ, ಎರಡು ಮಗ್ಗದ ನಡುವ ನಿಂತಾಕಿ.
ಫೋನಿನ್ಯಾಗ ಒದರತಾಳ, ತುಟಿ ನೋಡಿ ಮಾತು ಹಿಡೀತಾಳ.
ಹೋಗಿದ್ದು ಬರಂಗಿಲ್ಲ, ಉಳದದ್ದನ್ನ ಉಳಸ್ಕೋರಿ
ಅಂದಿದ್ದರು ಜಮಖಂಡಿ ಡಾಕ್ಟರು.
ಹೊಸದು ಅಕಿ ಕಿವ್ಯಾಗಿಟ್ಟೆ.
ಮೊದಲು ನಕ್ಕಳು: ‘ಯಾರೋ ಬ್ಯಾರೇದವರ ಮನ್ಯಾಗ ನೇದಂಗಾಗತೈತೇ.’
ಹತ್ತು ನಿಮಿಷಕ್ಕ ಕಂಡಿಕಿ ತೀರಿತ್ತು,
ಬರಿಗೈಲೆ ಓಡ್ಯಾಡಿತ್ತು ಲಾಳಿ,
ಸೀರ್ಯಾಗ ನಾಕು ಬಟ್ಟು ಹೊಕ್ಕಿಲ್ಲದ ಹಾಸು,
ಹಿಂದಿನ ಗೋಡಿ ಕಾಣೂವಷ್ಟು ತೆಳ್ಳಗ.

ಬೈಲಿಲ್ಲ. ಸ್ಪಂಜು ತಗದು ಸೆರಗಿಲೆ ಒರಸಿ ಕೊಟ್ಟಳು.
‘ಕಂಡಿಕಿ ತೀರೂ ಮುಂದ ದನಿ ಹಗೂರ ಆಗತೈತಿ,
ಅದನ್ನ ಕೇಳೇ ನಾ ಕೈ ಹಾಕೂದು.
ನನ್ನ ಕಿವಿ ಮಗ್ಗದ ಸಾಮಾನವ್ವಾ,
ಬಿಚ್ಚಬ್ಯಾಡ.’

ರೊಕ್ಕಾ ಕೊಟ್ಟು ಕೀಲಿ ಬಿಡಿಸಿಕೊಂಡೆ.
ಐವತ್ತು ಬಿಡ್ರಿ ಅಂದ್ರ ಬಿಡಲಿಲ್ಲ ಮೈನುದ್ದೀನ,
ಡಬ್ಬ್ಯಾಗ ದೊಡ್ಡ ಸೈಜಿನ ಸ್ಪಂಜು ಜೋಡಿ ಐತಿ, ನೋಡ್ರಿ ಅಂದ.
ಅದರಾಗ ಒಂದು ಅವ್ವನ ಎಡಗಿವಿಗೆ,
ಕಾಕಾನ ಎರಡು ಮಗ್ಗ ಇರೂ ಕಡೆಗೆ.
ಬಲಗಿವಿ ಅಕಿ ಮಗ್ಗಕ್ಕ ಬಿಟ್ಟದ್ದು.
ಕೆಲವು ದಿನ ಇಟ್ಕೋತಾಳ.
ಕೆಲವು ದಿನ ಸೆರಗಿನ ಗಂಟಿನ್ಯಾಗ
ಚಿಲ್ಲರ ಕೂಡ ಇರತೈತಿ.

ಇವತ್ತು ತೊಂಬತ್ತಕ್ಕ ಏರಸೀನಿ.
ಮೂರನೇ ಸಾಕ್ಷಿ ಅರ್ಧಕ್ಕ ಬಂದಿದ್ದ,
ಭುಜಾ ಮುಟ್ಟಿತು ಒಂದು ಕೈ.
ಅವ್ವ. ತುಟಿ ಆಡಸಾಕ ಹತ್ತಿದ್ದಳು.
ನೋಡೂದ್ರಾಗ ಬಲ್ಬು ಆರಿತ್ತು, ಫ್ಯಾನು ನಿಂತಿತ್ತು.
ಒಂದು ತಗದೆ.
‘ಕರೆಂಟು ಹೋಗಿ ಹೊತ್ತಾತು. ಅದನ್ನ ತಗಿ,
ಕಿವ್ಯಾಗೂ ಒಂದೀಟ ಗಾಳಿ ಆಡ್ಲಿ.’

ಓಣ್ಯಾಗ ಒಂದೊಂದ ಕೂಸು ಎದ್ದು
ಅಳಾಕ ಹತ್ತಿದ್ದವು.